ಪೆಟ್ಟಿಗೆ ಬಿಟ್ಟೇಳದ ಇಪ್ಪತ್ನಾಲ್ಕು ಇಂಚಿನವರಿಗೆ

ಮಾನ್ಯ ಬೇಸ್ ಡ್ರಮ್ ಹೆಡ್ ಅವರಿಗೆ,
(ಎರಡು ಪದರ, ಅಂಚಿನಲ್ಲಿ ಉಂಗುರ, ಇಪ್ಪತ್ನಾಲ್ಕು ಇಂಚು)
ವಾಸ: ತಮ್ಮದೇ ರಟ್ಟಿನ ಪೆಟ್ಟಿಗೆ, ನಮ್ಮ ಮನೆಯ ಹೊಲಿಗೆ ಕೋಣೆ, ಕಿಟಕಿಯ ಪಕ್ಕ.

ಮಾನ್ಯರೇ,

ತೆಳುಕಾಗದದ ಹೊದಿಕೆಯೊಳಗೆ, ಧೂಳು ಬಿಸಿಲು ಯಾವುದೂ ತಾಕದಂತೆ ತಾವು ಸುಖವಾಗಿರುವಿರೆಂದು ನಂಬಿ, ತಮ್ಮ ವಿಶ್ರಾಂತಿಗೆ ಭಂಗ ತರುತ್ತಿರುವುದಕ್ಕೆ ಮೊದಲೇ ಕ್ಷಮೆ ಕೋರಿ, ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಒಂದು ಸಣ್ಣ ಸಂಗತಿ ನಡೆಯಿತು. ಅಮ್ಮ ತಮ್ಮ ಪೆಟ್ಟಿಗೆಯ ಮೇಲೆ ಬೂದುಬಣ್ಣದ ಕೋಟಿನ ತೋಳೊಂದನ್ನು ಹರಡಿಕೊಂಡು ಕತ್ತರಿಸುತ್ತಿದ್ದಳು. ಮೂರು ವಾರದಿಂದ ಅವಳಿಗೆ ತಮ್ಮ ಪೆಟ್ಟಿಗೆಯೇ ಮೇಜು. "ನನ್ನ ಟೇಬಲ್‌ಗಿಂತ ಇದೇ ಸಮ ಇದೆ ಕಣೇ" ಎಂದು ದಿನಕ್ಕೊಮ್ಮೆಯಾದರೂ ತಮ್ಮನ್ನು ಹೊಗಳುತ್ತಾಳೆ. ಸೀಮೆಸುಣ್ಣ ಹುಡುಕಲು ತಿರುಗಿದಾಗ ಅವಳ ಕೈಯಲ್ಲಿದ್ದ ಭಾರದ ಕತ್ತರಿ ಜಾರಿ ಪೆಟ್ಟಿಗೆಯ ಮೇಲೆ ಬಿತ್ತು. ಒಳಗಿನಿಂದ ಮೆಲ್ಲಗೆ ಢುಂ ಎಂದಿತು. ಅದು ಈ ಭೂಮಿಯ ಮೇಲೆ ತಾವು ಮಾಡಿದ ಮೊಟ್ಟಮೊದಲ ಸದ್ದು ಎಂಬುದು ಆ ಕ್ಷಣದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಯಾಕೆಂದರೆ ಅದಕ್ಕೂ ಮೂರು ವಾರ ಮುಂಚೆ, ಒಂದೂ ಸದ್ದು ಮಾಡದೆ, ಪೆಟ್ಟಿಗೆಯ ಮುಚ್ಚಳವನ್ನೂ ದಾಟದೆ, ತಾವು ನಮ್ಮ ತಂಡದ ಐದು ಹಾಡುಗಳ ಧ್ವನಿಮುದ್ರಣದಲ್ಲಿ ಅಮೋಘವಾಗಿ ನುಡಿದು ಕೇಳಿದವರೆಲ್ಲರ ಶಹಬಾಸ್‌ಗಿರಿ ಗಳಿಸಿಯಾಗಿತ್ತು.

ಈ ಪತ್ರ ಬಹಿರಂಗವಾದದ್ದರಿಂದ, ತಮ್ಮ ಪರಿಚಯವಿಲ್ಲದವರೂ ಓದಬಹುದು; ಅವರಿಗಾಗಿ ಎರಡು ಮಾತು. ಬೇಸ್ ಡ್ರಮ್ ಎಂದರೆ ನೆಲದ ಮೇಲೆ ಅಡ್ಡವಾಗಿ ಕೂರುವ ದೊಡ್ಡ ಡ್ರಮ್. ಅದನ್ನು ಕೈಯಿಂದ ಬಾರಿಸುವುದಿಲ್ಲ, ಕಾಲಿನ ಪೆಡಲ್ ಒತ್ತಿದರೆ ಒಂದು ಪುಟ್ಟ ಬಡಿಗೆ ಹೋಗಿ ಬಡಿಯುತ್ತದೆ. ಡ್ರಮ್ಮಿನ ಎರಡೂ ಬದಿಗೆ ಬಿಗಿಯುವ ಪ್ಲಾಸ್ಟಿಕ್ ಹಾಳೆಯೇ ಹೆಡ್. ಚರ್ಮದ ಕಾಲ ಮುಗಿದು ಎಷ್ಟೋ ವರ್ಷವಾದರೂ ನಮ್ಮವರು ತಮ್ಮನ್ನು ಸ್ಕಿನ್ ಎಂದೇ ಕರೆಯುತ್ತಾರೆ. ಕೇಳುವವರಿಗೆ ಕಾಣುವುದು ತಂಡದ ಹೆಸರು ಬರೆದ ಮುಂದಿನ ಹೆಡ್. ಪೆಟ್ಟು ತಿನ್ನುವುದು ಹಿಂದಿನದು, ಅದು ಬಾರಿಸುವವಳ ಮೊಣಕಾಲಿನ ಮುಂದಿದ್ದು ಅವಳೊಬ್ಬಳಿಗೇ ಕಾಣುತ್ತದೆ. ಈ ಕಡೆಯ ಮಾತನ್ನು ದಯವಿಟ್ಟು ನೆನಪಿನಲ್ಲಿಡಬೇಕು, ತಮ್ಮ ಇಡೀ ಕೀರ್ತಿ ಅದರ ಮೇಲೆ ನಿಂತಿದೆ.

ಆ ಬಾರಿಸುವವಳು ನಾನು. ಸಾಹಿತ್ಯದಲ್ಲಿ ಎಂ.ಎ. ಮುಗಿಸಿದ್ದೇನೆ. ನಾಲ್ಕು ಜನರ ಎದುರು ನನ್ನ ಹೆಸರು ಹೇಳುವುದಕ್ಕೂ ಹಿಂಜರಿಯುವ ನಾನು ತಂಡಕ್ಕೆ ಸೇರಿದ್ದು ಹೇಗೆಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ವೇದಿಕೆಯ ಮೇಲೆ ಏನಾದರೊಂದರ ಹಿಂದೆ ಕೂತು ಕೆಲಸ ಮಾಡಬಹುದಾದ ಜಾಗ ಅದೊಂದೇ. ಹಾಡುವುದು, ಗಿಟಾರ್ ನುಡಿಸುವುದು, ಎಲ್ಲರ ಪರವಾಗಿ ಮಾತಾಡುವುದು ನನ್ನ ದೊಡ್ಡಪ್ಪನ ಮಗ, ಅಂದರೆ ಅಣ್ಣ. ಬೇಸ್ ಗಿಟಾರ್ ನುಡಿಸುವುದು ಅಣ್ಣನ ಭಾವಮೈದ. ಅವನು ಯಾವ ಪ್ರಶ್ನೆಗೂ "ಹೂಂ" ಎನ್ನುತ್ತಾನೆ. ತಂಡ ಎಂದರೆ ನಾವು ಮೂವರೇ.

ಐದು ವಾರದ ಹಿಂದೆ ಮೊದಲ ಬಾರಿ ಧ್ವನಿಮುದ್ರಣಕ್ಕೆ ಹೋದೆವು. ಒಂದು ಕಾಲದಲ್ಲಿ ಕಾರು ನಿಲ್ಲಿಸುತ್ತಿದ್ದ ಶೆಡ್ಡಿನ ಗೋಡೆಗಳಿಗೆ ಹಳೆಯ ಹಾಸಿಗೆಗಳನ್ನು ನಿಲ್ಲಿಸಿ ಸ್ಟುಡಿಯೋ ಮಾಡಿಕೊಂಡಿರುವ ಹಿರಿಯರೊಬ್ಬರು ನಮ್ಮ ಊರಿನ ಕಿವಿಯೆಂದೇ ಹೆಸರಾದವರು. ಏನು ನುಡಿಸಿದರೂ "ಇನ್ನೊಂದ್ಸಲ" ಎನ್ನುವುದರಿಂದ ಅವರಿಗೆ ಇನ್ನೊಂದ್ಸಲ ಸಾರ್ ಎಂದೇ ಹೆಸರು. ಅವರು ಬೇಸ್ ಡ್ರಮ್ಮಿನೊಳಗೆ ಮೂರು ದಿಂಬು ತುರುಕಿದರು, ಮುಂದಿನ ಹೆಡ್ಡಿನ ತೂತಿನಿಂದ ಮೈಕು ತೂರಿಸಿದರು, ನನ್ನ ಬಾರಿಸುವಿಕೆಯನ್ನು ಕಣ್ಣುಮುಚ್ಚಿ ಕೇಳಿದರು, ಕಣ್ಣು ಬಿಟ್ಟು "ಪಕ್ಕದ್ಮನೇಲಿ ಯಾರೋ ಹಾಸಿಗೆ ಒದರ್ತಿರೋ ಹಾಗಿದೆಯಲ್ಲಮ್ಮ" ಎಂದರು. ಅಣ್ಣನಿಗೆ ಅವಮಾನವಾಯಿತು. "ಒದಿ ಪುಟ್ಟಿ, ಯಾರ ಮೇಲೋ ಸಿಟ್ಟಿದ್ದು ಒದ್ದ ಹಾಗೆ ಒದಿ" ಎಂದು ನಿಂತಲ್ಲಿಂದಲೇ ಪಾಠ ಹೇಳಿದ. ನಾನು ಒದ್ದೆ. ಪಕ್ಕದ ಮನೆಯವರು ಹಾಸಿಗೆಯನ್ನು ಇನ್ನೂ ಜೋರಾಗಿ ಒದರಿದರು. "ಕಾಲಲ್ಲಿ ತೂಕ ಇಲ್ಲ" ಎಂದು ಅಣ್ಣ ತೀರ್ಪು ಕೊಟ್ಟ. "ಕಾಲಲ್ಲ, ಸ್ಕಿನ್ ಸತ್ತಿದೆ" ಎಂದು ಇನ್ನೊಂದ್ಸಲ ಸಾರ್ ಮೇಲ್ತೀರ್ಪು ಕೊಟ್ಟರು. ಕೊನೆಗೆ ಹೊಸ ಹೆಡ್ ಹಾಕಿ ನೋಡುವುದೆಂದೂ, ಅದರಿಂದಲೂ ಸರಿಹೋಗದಿದ್ದರೆ ಅಣ್ಣನ ಗೆಳೆಯನೊಬ್ಬನನ್ನು ಕೂರಿಸುವುದೆಂದೂ ತೀರ್ಮಾನವಾಯಿತು. ಆ ಗೆಳೆಯ ಜಿಮ್ ನಡೆಸುತ್ತಾನೆ, ಎಲ್ಲರೂ ಅವನನ್ನು ಡಂಬೆಲ್ ಎನ್ನುತ್ತಾರೆ, ಅವನ ಒಂದು ತೊಡೆ ನನ್ನ ಸೊಂಟದಷ್ಟಿದೆ. ಹೀಗೆ, ಮಾನ್ಯರೇ, ತಾವು ಇನ್ನೂ ಅಂಗಡಿಯ ಅಟ್ಟದ ಮೇಲಿದ್ದಾಗಲೇ ನನ್ನ ಸ್ಟೂಲು ತಮ್ಮ ಕೈಯಲ್ಲಿತ್ತು.

ತಮ್ಮನ್ನು ಆರಿಸಿದ್ದು ಸುಲಭದಲ್ಲಿ ಆಗಲಿಲ್ಲ. ಧ್ವನಿಮುದ್ರಣಕ್ಕೆ ಬೇಕಾದ ಸದ್ದು "ಬಂದ್ಯಾ, ಹೋದ್ಯಾ ಅನ್ನೋ ಹಾಗಿರ್ಬೇಕು, ಕೂತು ಹರಟೆ ಹೊಡೀಬಾರ್ದು" ಎಂದರು ಇನ್ನೊಂದ್ಸಲ ಸಾರ್. ಮುಂದೆ ನಾವು ನುಡಿಸಬೇಕಿದ್ದ ಸಭಾಂಗಣದ ಮೈಕಿನವರನ್ನು ಕೇಳಿದರೆ, "ಸ್ಟುಡಿಯೋದಲ್ಲಿ ಚೆನ್ನಾಗಿರೋದು ಇಲ್ಲಿ ಸತ್ತು ಬಿದ್ದಿರತ್ತೆ, ಕೊನೇ ಸಾಲಲ್ಲಿ ಕೂತೋನ ಹೊಟ್ಟೆ ನಡುಗ್ಬೇಕು" ಎಂದರು. ಒಂದು ಪದರದ್ದಾದರೆ ಗುಂಯ್ ಎಂದು ಹರಡುತ್ತದೆ, ಎರಡು ಪದರದ್ದಾದರೆ ಗುಕ್ಕೆಂದು ನಿಲ್ಲುತ್ತದೆ, ಒಳಗೆ ಉಂಗುರವಿದ್ದರೆ ಅರ್ಧ ದಿಂಬಿನ ಕೆಲಸ ಅದೇ ಮಾಡುತ್ತದೆ, ಬಿಳಿ ಲೇಪವಿದ್ದರೆ ಬೆಚ್ಚಗಿರುತ್ತದೆ, ಇಲ್ಲದಿದ್ದರೆ ಚುರುಕಾಗಿರುತ್ತದೆ ಎಂದು ಅಂಗಡಿಯವರು ಫೋನಿನಲ್ಲಿ ಅರ್ಧ ಗಂಟೆ ವಿವರಿಸಿ, ಸ್ಟುಡಿಯೋಗೋ ಸಭಾಂಗಣಕ್ಕೋ ಎಂದು ನಾನು ಕೇಳಿದಾಗ ಪ್ರತಿಯೊಂದಕ್ಕೂ "ಎರಡಕ್ಕೂ ಆಗತ್ತೆ ಮೇಡಂ" ಎಂದರು. ತಮ್ಮ ತಯಾರಕರ ಹೊತ್ತಗೆಯನ್ನಂತೂ ನಾನು ಮೂರು ಸಲ ಓದಿದ್ದೇನೆ. ಆಳವಾದ, ದುಂಡನೆಯ, ನಿಖರವಾದ, ಅಧಿಕಾರಯುತ, ಆದರೂ ಆತ್ಮೀಯ. ಐದು ವರ್ಷ ಸಾಹಿತ್ಯ ವಿಮರ್ಶೆ ಓದಿದವಳು ನಾನು. ಯಾವ ಮಹಾಕವಿಗೂ ಇಷ್ಟು ವಿಶೇಷಣಗಳನ್ನು ಒಂದೇ ಸಾಲಿನಲ್ಲಿ ಯಾರೂ ಕೊಟ್ಟಿದ್ದು ನೋಡಿರಲಿಲ್ಲ.

"ಅಳತೆ ಒಂದ್ ನೋಡಿ ಹೇಳ್ಬಿಡು" ಎಂದ ಅಣ್ಣ. ಹಳೆಯ ಡ್ರಮ್ಮಿನ ಮೇಲಿದ್ದ ಅಂಕಿ ಅಳಿಸಿಹೋಗಿತ್ತು. ನಾನು ಅಮ್ಮನ ಟೇಪು ತೆಗೆದುಕೊಂಡು ಹೋಗಿ ಅಳೆದೆ, ಇಪ್ಪತ್ನಾಲ್ಕು ಬಂತು. ಇಪ್ಪತ್ನಾಲ್ಕು ಎಂದೇ ಅಂಗಡಿಗೆ ಹೇಳಿ ತಮ್ಮನ್ನು ತರಿಸಿದೆ. ಇಲ್ಲಿ ಅಮ್ಮನ ಟೇಪಿನ ಬಗ್ಗೆ ತಮಗೆ ತಿಳಿಸಬೇಕು. ಎಂಟು ವರ್ಷದ ಹಿಂದೆ ಇಸ್ತ್ರಿಪೆಟ್ಟಿಗೆ ತಾಗಿ ಅದರ ಮೊದಲ ಎರಡು ಇಂಚು ಸುಟ್ಟುಹೋಗಿವೆ. ಬೇರೆಯವರಾಗಿದ್ದರೆ ಹೊಸದು ತರುತ್ತಿದ್ದರು. ಅಮ್ಮ ಮನಸ್ಸಿನಲ್ಲೇ ಎರಡು ಕಳೆಯುತ್ತಾಳೆ. ಈ ಎಂಟು ವರ್ಷದಲ್ಲಿ ಹೊಲಿದ ಒಂದೇ ಒಂದು ಅಂಗಿಯೂ ದೊಗಳೆಯಾಗಿಲ್ಲ. ಆ ಟೇಪಿನಿಂದ ಅಳೆಯುವುದೆಂದರೆ ಎರಡು ಕಳೆಯುವುದೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಅಳೆಯುವುದು ಅಮ್ಮನೇ ಆದ್ದರಿಂದ ಯಾರೂ ನೆನಪಿಟ್ಟುಕೊಂಡಿಲ್ಲ.

ಎರಡನೆಯ ಧ್ವನಿಮುದ್ರಣದ ದಿನ ಎಲ್ಲರಿಗಿಂತ ಒಂದೂವರೆ ಗಂಟೆ ಮೊದಲೇ ನಾನು ತಮ್ಮನ್ನು ಹೊತ್ತುಕೊಂಡು ಶೆಡ್ಡಿಗೆ ಹೋದೆ. ಹತ್ತು ತಿರುಪು ಸಡಿಲಿಸಿದೆ, ಹೆಡ್ಡನ್ನು ಅಂಚಿಗೆ ಹಿಡಿದಿಡುವ ಮರದ ಬಳೆ ಬಿಚ್ಚಿದೆ, ಹಳೆಯ ಹೆಡ್ಡನ್ನು ಗೋಡೆಗೆ ಒರಗಿಸಿಟ್ಟೆ, ತಮ್ಮನ್ನು ಪೆಟ್ಟಿಗೆಯಿಂದ ಎತ್ತಿ ಡ್ರಮ್ಮಿನ ಅಂಚಿಗೆ ಹಿಡಿದು ನೋಡಿದೆ. ಸುತ್ತಲೂ ಒಂದೊಂದು ಇಂಚು ಹೊರಗೆ. ಅಪ್ಪನ ಟೋಪಿಯನ್ನು ಮಗುವಿನ ತಲೆಗೆ ಇಟ್ಟಂತೆ ತಾವು ಡ್ರಮ್ಮಿನ ಮೇಲೆ ಕೂತಿರಿ. ಸುಟ್ಟ ಟೇಪು ಆಗ ನೆನಪಾಯಿತು. ಮಾನ್ಯರೇ, ಆ ಕ್ಷಣ ತಮ್ಮ ಮುಖದಲ್ಲಿ ಕಂಡ ಗಾಂಭೀರ್ಯವನ್ನು ನಾನು ಮರೆಯಲಾರೆ. ತಪ್ಪು ತಮ್ಮದಲ್ಲವೆಂದು ತಮಗೆ ಸ್ಪಷ್ಟವಾಗಿ ಗೊತ್ತಿತ್ತು.

ಬೇರೆ ದಾರಿಯಿಲ್ಲದೆ ತಮ್ಮನ್ನು ಪೆಟ್ಟಿಗೆಗೆ ಮರಳಿಸಿ, ಹಳೆಯ ಹೆಡ್ಡನ್ನೇ ಮತ್ತೆ ಹಾಕಿದೆ. ಹಳೆಯವರ ಬಗ್ಗೆಯೂ ತಿಳಿಸಿಬಿಡುತ್ತೇನೆ. ಅವರು ಒಂದೇ ಪದರದವರು. ಬಡಿಗೆ ತಾಗುವ ಜಾಗ ತೆಳುವಾಗಿದೆ ಎಂದು ಅಮ್ಮ ಕೋಟಿನ ಕಾಲರಿಗೆ ಹಾಕುವ ಗಟ್ಟಿ ಬಟ್ಟೆಯ ಒಂದು ಬಿಲ್ಲೆ ಕತ್ತರಿಸಿ ಅಂಟಿಸಿಕೊಟ್ಟಿದ್ದಾಳೆ. ಯಾರ ಹೊತ್ತಗೆಯಲ್ಲೂ ಅವರ ಹೆಸರಿಲ್ಲ. ಆದರೆ ಅವತ್ತು ಆ ಶೆಡ್ಡಿನಲ್ಲಿ ನಾನೊಬ್ಬಳೇ ಇದ್ದೆ, ಮತ್ತು ಜೀವನದಲ್ಲಿ ಮೊದಲ ಸಲ "ಅದಲ್ಲ, ಹಾಗಲ್ಲ, ಕೊಡಿಲ್ಲಿ" ಎನ್ನುವವರು ಯಾರೂ ಇಲ್ಲದೆ ನನ್ನ ಡ್ರಮ್ಮನ್ನು ನಾನೇ ಶ್ರುತಿ ಮಾಡಿದೆ. ಎದುರುಬದುರಿನ ತಿರುಪುಗಳನ್ನು ಕಾಲು ಸುತ್ತಿನಷ್ಟೇ ಬಿಗಿಯುತ್ತ, ಪ್ರತಿ ತಿರುಪಿನ ಬಳಿ ಬೆರಳಿನಿಂದ ತಟ್ಟಿ, ಹತ್ತೂ ಕಡೆ ಒಂದೇ ದನಿ ಬರುವವರೆಗೆ ಕೂತೆ. ಮೂರು ದಿಂಬನ್ನೂ ಹೊರಗೆ ತೆಗೆದು ಒಂದು ಟವೆಲ್ ಮಡಚಿ ಹೆಡ್ಡಿಗೆ ಸೋಕುವಷ್ಟೇ ಇಟ್ಟೆ.

ಇನ್ನೊಂದು ಸಂಗತಿಯೂ ಇತ್ತು, ಅದು ನನಗೇ ಆಗ ತಿಳಿದಿರಲಿಲ್ಲ. ಎರಡು ಧ್ವನಿಮುದ್ರಣಗಳ ನಡುವಿನ ಎರಡು ವಾರ ಅಮ್ಮನಿಗೆ ಕಾರ್ಖಾನೆಯೊಂದರ ಅರವತ್ತು ಪ್ಯಾಂಟುಗಳ ಕೆಲಸ ಬಂದಿತ್ತು, ಅಂಚು ಹೊಲಿಯಲು ನಾನು ಕೂತಿದ್ದೆ. ನಮ್ಮದು ಕಾಲಿನಿಂದ ತುಳಿಯುವ ಹಳೆಯ ಮೆಷಿನ್ನು. ಮೊದಲ ದಿನ ನಾನು ಅಣ್ಣ ಹೇಳಿಕೊಟ್ಟಂತೆ ಸಿಟ್ಟಿನಿಂದ ತುಳಿದೆ, ದಾರ ಮೂರು ಸಲ ಹರಿಯಿತು. "ತುಳೀಬೇಡ್ವೇ, ಒತ್ತಿ ಬಿಟ್ಬಿಡು. ಬಿಟ್ರೆ ಅದು ತಾನೇ ವಾಪಸ್ ಬರತ್ತೆ" ಎಂದಳು ಅಮ್ಮ. ಅರವತ್ತು ಪ್ಯಾಂಟು, ಅಂದರೆ ನೂರಿಪ್ಪತ್ತು ಕಾಲು. ಒತ್ತಿ ಬಿಡುವುದನ್ನು ನನ್ನ ಒಂದು ಕಾಲು ಅಷ್ಟು ಕಾಲುಗಳಿಂದ ಕಲಿಯಿತು.

ಎಲ್ಲರೂ ಬಂದರು. ಅಳತೆ ತಪ್ಪಾಗಿದೆ ಎಂದು ಹೇಳಲು ನಾನು ಬಾಯಿ ತೆರೆದೆ ಎಂಬುದಕ್ಕೆ ತಾವೇ ಸಾಕ್ಷಿ. ಆದರೆ ನನ್ನ ಬಾಯಿ ತೆರೆದುಕೊಳ್ಳುವುದಕ್ಕೂ ಅದರಿಂದ ಮಾತು ಹೊರಡುವುದಕ್ಕೂ ನಡುವೆ ಯಾವಾಗಲೂ ಒಂದು ಬಸ್ಸು ಬಂದು ಹೋಗುವಷ್ಟು ಹೊತ್ತು ಬೇಕು. ಅಷ್ಟರಲ್ಲಿ ಇನ್ನೊಂದ್ಸಲ ಸಾರ್ ರೆಕಾರ್ಡಿಂಗ್ ಮೆಷಿನ್ನು ಹಾಕಿಯಾಗಿತ್ತು. ನಾನು ಒಮ್ಮೆ ಒತ್ತಿ ಬಿಟ್ಟೆ. ಅವರು ಕುರ್ಚಿಯಿಂದ ಎದ್ದು ನಿಂತರು. "ಇದು! ನೋಡಿ, ಇದು! ಎರಡು ಪದರ ಅಂದ್ರೆ ಇದು!" ಎಂದರು. ಟಾರ್ಚು ತಂದು ಮುಂದಿನ ತೂತಿನಿಂದ ಇಣುಕಿ, "ಒಳಗಿಂದ ನೋಡಿದ್ರೇ ಗೊತ್ತಾಗತ್ತೆ, ಹೊಸದರ ಹೊಳಪೇ ಬೇರೆ" ಎಂದೂ, ಅಮ್ಮನ ಬಿಲ್ಲೆಯ ನೆರಳನ್ನು ಕಂಡು "ಕಂಪನಿ ಗುರುತೂ ಇದೆ" ಎಂದೂ ಸೇರಿಸಿದರು. ಅಣ್ಣ "ನಾನ್ ಹೇಳ್ಲಿಲ್ವಾ?" ಎಂದ, ಅವನು ಏನನ್ನೂ ಹೇಳಿರಲಿಲ್ಲ. ಭಾವಮೈದ "ಹೂಂ" ಎಂದ. ಐದು ಹಾಡನ್ನೂ ಅವತ್ತೇ ಮುಗಿಸಿದೆವು. ಇನ್ನೊಂದ್ಸಲ ಸಾರ್ ದಿನವಿಡೀ ಒಂದು ಸಲವೂ ಇನ್ನೊಂದ್ಸಲ ಎನ್ನಲಿಲ್ಲ. ಅಷ್ಟು ಹೊತ್ತೂ ತಾವು ಮೂಲೆಯಲ್ಲಿ, ಪೆಟ್ಟಿಗೆಯೊಳಗೆ, ಅತ್ಯಂತ ನಿಖರವಾಗಿ, ಅಧಿಕಾರಯುತವಾಗಿ, ಆದರೂ ಆತ್ಮೀಯವಾಗಿ ಒರಗಿಕೊಂಡಿದ್ದಿರಿ.

ಹೊರಡುವಾಗ ಅಣ್ಣ "ಖಾಲಿ ಪೆಟ್ಟಿಗೆ ಯಾಕೆ ಹೊತ್ಕೊಂಡ್ ಹೋಗ್ತೀಯ?" ಎಂದು ಕೇಳಿದ. "ಅಮ್ಮನಿಗೆ ಬೇಕಂತೆ" ಎಂದೆ. ಅಮ್ಮನಿಗೂ ಖಾಲಿ ಎಂದೇ ಹೇಳಿದೆ. ತಾವು ಅಷ್ಟು ಹಗುರ, ಅವಳು ನಂಬಿದಳು. ಮರುದಿನ ಅಂಗಡಿಗೆ ಫೋನ್ ಮಾಡಿ ಅಳತೆ ಬದಲಿಸಿಕೊಡುವಿರಾ ಎಂದು ಕೇಳಬೇಕೆಂದುಕೊಂಡು ಮೂರು ಸಲ ಮಾಡಿದೆ, ಮೂರು ಸಲವೂ ಅಂಗಡಿ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ಕೇಳಿ ಇಟ್ಟೆ. ಮೂರನೆಯ ಸಲ ಅವರೇ ಬೇಸತ್ತು, "ನೀವು ಬರೋವರ್ಗೂ ಮುಚ್ಚಲ್ಲ ಮೇಡಂ, ಬನ್ನಿ" ಎಂದರು.

ಮಾನ್ಯರೇ, ಮೊದಮೊದಲು ತಮ್ಮ ಹೆಸರು ಬೆಳಗುವುದನ್ನು ನೋಡಿ ನನಗೆ ಒಳಗೊಳಗೇ ನಗುವೇ ಬರುತ್ತಿತ್ತು. ಇನ್ನೊಂದ್ಸಲ ಸಾರ್ ಆ ಹಾಡುಗಳನ್ನು ಬಂದವರಿಗೆಲ್ಲ ಕೇಳಿಸಿದ್ದರಿಂದ ಬೇರೆ ಮೂರು ತಂಡದವರು ತಮ್ಮ ಜಾತಿಯ ಹೆಡ್ಡನ್ನೇ ತರಿಸಿಕೊಂಡಿದ್ದಾರೆ. ಅವರ ಸದ್ದು ಯಾಕೆ ಹಾಗೆ ಬರುತ್ತಿಲ್ಲವೆಂದು ಅವರೀಗ ಕೋಣೆಯನ್ನು ಬೈಯುತ್ತಿದ್ದಾರೆ. ಸಭಾಂಗಣದ ಮೈಕಿನವರೂ ಕೇಳಿ, "ಇದಾದ್ರೆ ಇಲ್ಲಿಗೂ ಆಗತ್ತೆ" ಎಂದು ತಮ್ಮದೇ ಹಳೆಯ ಸಿದ್ಧಾಂತವನ್ನು ನುಂಗಿಕೊಂಡರು. ಹಾಡುಗಳ ಆಲ್ಬಮ್ಮಿನ ಹೊದಿಕೆಗೆ ಕೃತಜ್ಞತೆಯ ಸಾಲು ಬರೆಯುವ ಕೆಲಸ ಅಣ್ಣ ನನಗೇ ವಹಿಸಿದ. "ಸಾಹಿತ್ಯ ಓದಿದೋಳು ನೀನು, ಸ್ಕಿನ್ ಬಗ್ಗೆ ಎರಡು ಸಾಲು ಚೆನ್ನಾಗಿ ಬರಿ" ಎಂದ. ನಾನು ಬರೆದೆ. ಇಲ್ಲದಿರುವುದೂ ಒಂದು ಬಗೆಯ ಇರುವಿಕೆ ಎಂದು ಕಾಲೇಜಿನಲ್ಲಿ ನಮ್ಮ ಮೇಡಂ ಹೇಳುತ್ತಿದ್ದರು. ನನ್ನ ಹಾಜರಿಯ ವಿಷಯದಲ್ಲಿ ಅವರು ಅದನ್ನು ಒಪ್ಪದಿದ್ದರೂ ತಮ್ಮ ವಿಷಯದಲ್ಲಿ ಅದು ಚೆನ್ನಾಗಿ ಹೊಂದಿತು.

ನಗು ನಿಂತದ್ದು ನಿನ್ನೆ ಸಂಜೆ. ಅಭ್ಯಾಸ ಮುಗಿಸಿ ಮೆಟ್ಟಿಲಿಳಿಯುವಾಗ ಅಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟ. ಅವನು ಹೆಗಲ ಮೇಲೆ ಕೈಯಿಡುವುದು ಕೆಟ್ಟ ಸುದ್ದಿ ಇದ್ದಾಗ ಮಾತ್ರ. "ಬೇಜಾರ್ ಮಾಡ್ಕೋಬೇಡ ಪುಟ್ಟಿ. ಶನಿವಾರ ಶೋ ಇರೋದು ದೊಡ್ಡ ಸಭಾಂಗಣದಲ್ಲಿ. ಕ್ವಾಲಿಟಿ ಎಲ್ಲಾ ಹೇಗೂ ಸ್ಕಿನ್ನೇ ಕೊಡತ್ತೆ, ಅದಕ್ಕೆ ಸ್ವಲ್ಪ ತೂಕ ಇರೋರು ಬಾರಿಸಿದ್ರೆ ಸಾಕು. ಡಂಬೆಲ್ ಕೂತ್ಕೊಳ್ತಾನೆ. ನೀನು ಪಕ್ಕದಲ್ಲಿ ನಿಂತು ಆ ಜಲ್ ಜಲ್ ಅನ್ನೋದನ್ನ ಆಡಿಸು. ಎಲ್ಲರಿಗೂ ಕಾಣ್ತೀಯ ಕೂಡ" ಎಂದ. ಎಲ್ಲರಿಗೂ ಕಾಣುವುದು ನನಗೆ ಬಹುಮಾನವೆಂದು ಆ ಪುಣ್ಯಾತ್ಮ ನಿಜವಾಗಿಯೂ ತಿಳಿದಿದ್ದಾನೆ. ನಾನು ತಲೆಯಾಡಿಸಿದೆ. ಭಾವಮೈದ ನನ್ನ ಮುಖ ನೋಡಿದ. ಅಂದು ಮಾತ್ರ ಹೂಂ ಎನ್ನಲಿಲ್ಲ.

ತಮ್ಮ ಬಗ್ಗೆ ನಾನು ಬಾಯಿ ಬಿಡದೆ ಉಳಿಸಿಕೊಂಡ ಸ್ಟೂಲು ತಮ್ಮಿಂದಲೇ ಹೋಯಿತು. ಮಾನ್ಯರೇ, ತಾವೇ ಯೋಚಿಸಿ: ನಾನು ಚೆನ್ನಾಗಿ ಬಾರಿಸದಿದ್ದರೆ ತಪ್ಪು ನನ್ನ ಕಾಲಿನದು, ಚೆನ್ನಾಗಿ ಬಾರಿಸಿದರೆ ಪುಣ್ಯ ಪೆಟ್ಟಿಗೆಯಲ್ಲಿದ್ದ ತಮ್ಮದು. ಈ ವ್ಯವಸ್ಥೆಯ ಸೊಬಗನ್ನು ಮೆಚ್ಚುತ್ತಲೇ, ಶನಿವಾರದೊಳಗೆ ತಾವು ದಯವಿಟ್ಟು ನಡೆಸಿಕೊಡಬೇಕಾದ ಕೆಲವು ಸಣ್ಣಪುಟ್ಟ ವಿನಂತಿಗಳನ್ನು ಮುಂದಿಡುತ್ತೇನೆ. ಮೊದಲನೆಯದಾಗಿ ತಾವು ಎರಡು ಇಂಚು ಕುಗ್ಗಬೇಕು. ಸುತ್ತಲೂ ಒಂದೊಂದೇ, ಹೆಚ್ಚೇನಲ್ಲ, ಬೇಕಿದ್ದರೆ ಅಮ್ಮ ಒಳಕ್ಕೆ ಮಡಚಿ ಹೊಲಿದುಕೊಡುತ್ತಾಳೆ. ಅದಾಗದಿದ್ದರೆ, ಅವತ್ತು ಪೆಟ್ಟಿಗೆಯಲ್ಲೇ ಕೂತು ಹತ್ತು ತಿರುಪುಗಳನ್ನು ಹೇಗೆ ಶ್ರುತಿ ಮಾಡಿದಿರೆಂದು ಡಂಬೆಲ್‌ಗೆ ಹೇಳಿಕೊಡಬೇಕು, ಜೊತೆಗೆ ಅವನ ಆ ತೊಡೆಗೆ ಒತ್ತಿ ಬಿಡುವುದರಲ್ಲಿ ಬಿಡುವುದು ಎಂಬ ಭಾಗವನ್ನೂ. ಅದೂ ಆಗದಿದ್ದರೆ, ತಮ್ಮ ಹೊತ್ತಗೆಯ ವಿಶೇಷಣಗಳಲ್ಲಿ ಒಂದೆರಡನ್ನಾದರೂ ನನಗೆ ಬಿಟ್ಟುಕೊಡಬೇಕು. ಅಧಿಕಾರಯುತ ನನಗೆ ಹೊಂದುವುದಿಲ್ಲ, ಇರಲಿ. ನಿಖರವಾದ ಎಂಬುದೊಂದು ಸಾಕು.

ಈ ವಿನಂತಿಗಳನ್ನೆಲ್ಲ ಬರೆದು ನಿಲ್ಲಿಸಿಬಿಡುತ್ತಿದ್ದೆ, ಬರೆದ ಎಲ್ಲವನ್ನೂ ಹಾಗೆಯೇ ಮಡಚಿ ಪುಸ್ತಕದೊಳಗೆ ಇಡುತ್ತಿದ್ದೆ. ಆದರೆ ಇವತ್ತು ಬೆಳಿಗ್ಗೆ ಆ ಕತ್ತರಿ ಬಿತ್ತಲ್ಲ. ಅಮ್ಮ ತಿರುಗಿ ನನ್ನನ್ನು ನೋಡಿದಳು.

"ಖಾಲಿ ಅಂದಿದ್ದೆ?"

ಅವಳು ಕೋಟಿನ ತೋಳನ್ನು ಪಕ್ಕಕ್ಕಿಟ್ಟು ಮುಚ್ಚಳ ತೆಗೆದಳು, ತಮ್ಮನ್ನು ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು, ಅಭ್ಯಾಸಬಲದಿಂದ ಟೇಪು ಹಿಡಿದಳು. "ಇಪ್ಪತ್ತಾರು. ಎರಡು ಕಳೆದ್ರೆ ಇಪ್ಪತ್ನಾಲ್ಕು" ಎಂದು ತನಗೇ ಹೇಳಿಕೊಂಡವಳು ತಕ್ಷಣ ಟೇಪಿನ ಸುಟ್ಟ ತುದಿಯನ್ನೂ ನನ್ನ ಮುಖವನ್ನೂ ಒಟ್ಟಿಗೆ ನೋಡಿ ನಗತೊಡಗಿದಳು. "ಅಯ್ಯೋ ಹುಚ್ಚಿ, ಇದ್ರಲ್ಲಿ ಅಳೆದ್ಯಾ?" ಕುರ್ಚಿ ಹಿಡಿದುಕೊಂಡು ಕೂರಬೇಕಾಗುವಷ್ಟು ನಕ್ಕಳು. ಮೂರು ವಾರದಲ್ಲಿ ಮೊದಲ ಬಾರಿ ನಾನು ಇಡೀ ಕತೆಯನ್ನು ಒಬ್ಬರಿಗೆ ಹೇಳಿದೆ, ಅಣ್ಣ ಹೆಗಲ ಮೇಲೆ ಕೈಯಿಟ್ಟದ್ದರವರೆಗೆ. ಅಷ್ಟು ಹೊತ್ತಿಗೆ ಅವಳ ನಗು ನಿಂತಿತ್ತು.

"ಹಾಗಾದ್ರೆ ಅವತ್ತು ಬಾರಿಸಿದ್ದು ಯಾರು?" ಎಂದಳು.

"ಹಳೇದೇ ಇತ್ತಮ್ಮ" ಎಂದೆ.

"ಹಳೇದು ತಾನಾಗೇ ಬಾರಿಸ್ಕೊಳ್ತಾ?"

ಅಷ್ಟೇ ಹೇಳಿ, ತಮ್ಮನ್ನು ಪೆಟ್ಟಿಗೆಯೊಳಗೆ ಇಟ್ಟು, ಮುಚ್ಚಳ ಹಾಕಿ, ಅದರ ಮೇಲೆ ಕೋಟಿನ ತೋಳು ಹರಡಿ ಅವಳು ಮತ್ತೆ ಕತ್ತರಿಸತೊಡಗಿದಳು. ನೂರಾರು ಪುಟ ವಿಮರ್ಶೆ ಬರೆದವಳಿಗೆ ಆ ಒಂದು ಪ್ರಶ್ನೆ ಮೂರು ವಾರ ಹೊಳೆದಿರಲಿಲ್ಲ. ಐದು ಹಾಡು ಕೇಳಿದ ಎಲ್ಲರೂ ತಮ್ಮನ್ನು ಹೊಗಳಿದರು, ಸರಿ, ಅವರಿಗೆ ಗೊತ್ತಿರಲಿಲ್ಲ. ಎಲ್ಲ ಗೊತ್ತಿದ್ದ ನಾನು ಕೂಡ, ಟವೆಲಿನ ಪುಣ್ಯ, ಕೋಣೆಯ ಪುಣ್ಯ, ಹಳೆಯವರ ಪುಣ್ಯ ಎಂದೇ ಅಂದುಕೊಂಡಿದ್ದೆನಲ್ಲ.

ಬಾಯಲ್ಲಿ ಹೇಳಲು ನನಗೆ ಆಗುವುದಿಲ್ಲ. ಅಣ್ಣನ ಎದುರು ನಿಂತರೆ ಆ ಬಸ್ಸು ಬಂದೇ ಬರುತ್ತದೆ. ಆದರೆ ಬರೆಯಲು ಬರುತ್ತದೆ; ಅದಕ್ಕಾಗಿಯೇ ಈ ಪತ್ರ ಬಹಿರಂಗ. ಇವತ್ತು ಸಂಜೆ ಐದೂವರೆಗೆ ಅಭ್ಯಾಸ, ಡಂಬೆಲ್ ಕೂಡ ಬರುತ್ತಾನೆ. ಐದು ಗಂಟೆಗೆ ಈ ಪತ್ರವನ್ನು ಅಮ್ಮನ ನಾಲ್ಕು ಗುಂಡುಪಿನ್ನು ಚುಚ್ಚಿ ಅಭ್ಯಾಸದ ಕೋಣೆಯ ಬಾಗಿಲಿಗೆ ಹಾಕುತ್ತೇನೆ. ತಮ್ಮನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು, ನನ್ನ ಡ್ರಮ್ಮಿನ ಮಗ್ಗುಲಿಗೆ, ಎರಡರ ಅಳತೆಯೂ ಎಲ್ಲರ ಕಣ್ಣಿಗೆ ಬೀಳುವಂತೆ ಒರಗಿಸಿಡುತ್ತೇನೆ. ದೊಡ್ಡ ಸಭಾಂಗಣಕ್ಕೆ ಬೇಕಾದಂತೆ ಒಳಗಿನ ಟವೆಲನ್ನು ತೆಗೆದು, ತಿರುಪುಗಳನ್ನು ಒಂದೊಂದು ಎಳೆಯಷ್ಟು ಸಡಿಲಿಸುತ್ತೇನೆ. ಸ್ಟುಡಿಯೋಗೆ ಟವೆಲ್ ಇಡುವುದು, ಸಭಾಂಗಣಕ್ಕೆ ತೆಗೆಯುವುದು. ಅರ್ಧ ಗಂಟೆ ಫೋನಿನಲ್ಲಿ ಕೇಳಿದ ವಿದ್ಯೆ ಕೊನೆಗೆ ಇಷ್ಟಕ್ಕೇ ಇಳಿಯಿತು. ಆಮೇಲೆ ನನ್ನ ಸ್ಟೂಲಿನ ಮೇಲೆ ಕೂರುತ್ತೇನೆ.

ಅವರು ಬಾಗಿಲಲ್ಲಿ ನಿಂತು ಓದಲಿ. ಅಣ್ಣ ನಿಧಾನವಾಗಿ ಓದುತ್ತಾನೆ, ಹೊತ್ತು ಹಿಡಿಯುತ್ತದೆ. ಅಷ್ಟೂ ಹೊತ್ತು ಒಳಗಿನಿಂದ ನಾನು ಬಾರಿಸುತ್ತಿರುತ್ತೇನೆ. ಓದಿ ಮುಗಿಸಿ ಅವರು ಏನು ಹೇಳುತ್ತಾರೋ ಗೊತ್ತಿಲ್ಲ. ಏನೇ ಹೇಳಿದರೂ ನಾನು ಏಳುವುದಿಲ್ಲ.

ತಮಗಿಂತ ಎರಡು ಇಂಚು ಕಡಿಮೆಯವಳಾದರೂ ಅವತ್ತು ಆ ಕೋಣೆಯಲ್ಲಿ ಹಾಜರಿದ್ದ,
ತಮ್ಮ ವಿಶ್ವಾಸಿ,
ಪುಟ್ಟಿ
(ಬೇಸ್ ಡ್ರಮ್, ಬಲಗಾಲು)

ವಿ.ಸೂ: ಸ್ಟುಡಿಯೋಗೆ ಯಾವ ಹೆಡ್ ಒಳ್ಳೆಯದು, ಸಭಾಂಗಣಕ್ಕೆ ಯಾವುದು ಎಂದು ತಮ್ಮ ಪೆಟ್ಟಿಗೆ ನೋಡಿದವರೆಲ್ಲ ನನ್ನನ್ನು ಕೇಳುತ್ತಿರುತ್ತಾರೆ. ಇಷ್ಟು ದಿನದ ಅಧ್ಯಯನದಿಂದ ಒಂದು ಮಾತು ಖಚಿತವಾಗಿ ಹೇಳಬಲ್ಲೆ: ಡ್ರಮ್ಮಿಗೆ ಹಾಕಿರುವುದು ಒಳ್ಳೆಯದು. ಇನ್ನು, ಪೆಟ್ಟಿಗೆ ಮಾತ್ರ ಅಮ್ಮನಿಗೆ ನಿಜವಾಗಿಯೂ ಬೇಕಂತೆ. ಅಭ್ಯಾಸ ಮುಗಿದ ಮೇಲೆ ತಾವು ಬೇರೆ ವಸತಿ ನೋಡಿಕೊಳ್ಳಬಹುದು. ಇನ್ನೊಂದ್ಸಲ ಸಾರ್ ತಮ್ಮನ್ನು ಪಕ್ಕಾ ಗುರುತು ಹಿಡಿಯಬಲ್ಲವರು, ಅವರಲ್ಲಿಗೆ ಹೋಗಿ. ಟಾರ್ಚು ಅವರ ಬಳಿಯೇ ಇದೆ.